ಹೊಳೆ ನೀರು ‘ಇ’ ದರ್ಜೆ ಅಂದ್ರೆ ಸೊಪ್ಪು ಬೆಳೀಬಹುದಾ?

“ಅಣ್ಣ, ನಮ್ಮ ಹೊಳೆ ನೀರು ‘ಇ’ ದರ್ಜೆಯಂತೆ. ನೀರಾವರಿಗೆ ಓಕೆ ತಾನೇ? ಕೊತ್ತಂಬರಿ ಹಾಕ್ಲಾ?” ಅಂತ ಯುವ ರೈತರೊಬ್ಬರು ಮೆಸೇಜ್ ಮಾಡಿದ್ದರು. ಬೇಡ ಅಂದೆ. ಯಾಕೆ ಅಂತ ಹೇಳ್ತೀನಿ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿ ನೀರನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆ ಮಾಡಿದೆ. ‘ಇ’ ಕೊನೆಯದು. ಅದಕ್ಕೆ ನೋಡೋದು ನಾಲ್ಕೇ ಅಂಶ: ಪಿಎಚ್ 6ರಿಂದ 8.5, ಇಸಿ 2250 ಮೈಕ್ರೋಸೀಮೆನ್ಸ್ ಒಳಗೆ, ಸೋಡಿಯಂ ಅನುಪಾತ (ಎಸ್‌ಎಆರ್) 26ರ ಒಳಗೆ, ಬೋರಾನ್ ಲೀಟರಿಗೆ 2 ಮಿಲಿಗ್ರಾಂ ಒಳಗೆ. ಮಲದ ಬ್ಯಾಕ್ಟೀರಿಯಾ, ಸೀಸ, ಕ್ರೋಮಿಯಂ ಈ ಪಟ್ಟಿಯಲ್ಲೇ ಇಲ್ಲ!

ವೃಷಭಾವತಿಯನ್ನೇ ನೋಡಿ. ಬೆಂಗಳೂರಿನ ಕೊಳಚೆ, ಕಾರ್ಖಾನೆ ನೀರು ಹೊತ್ತು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬರುತ್ತೆ, ಮುಂದೆ ಅರ್ಕಾವತಿ ಸೇರುತ್ತೆ. ಇಂಥ ನೀರಿಗೆ ಇಸಿ ಮೀಟರ್ ಅದ್ದಿದರೆ ಉಪ್ಪಿನ ಲೆಕ್ಕ ಸಿಗುತ್ತೆ, ಅಷ್ಟೇ. ರೋಗಾಣು, ಭಾರಲೋಹ ಅದಕ್ಕೆ ಕಾಣಲ್ಲ. ಹಸಿಯಾಗಿ ತಿನ್ನೋ ಬೆಳೆಗೆ 100 ಮಿಲಿ ನೀರಿನಲ್ಲಿ ಮಲಜನ್ಯ ಕೋಲಿಫಾರ್ಮ್ 1000 ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಹೇಳಿತ್ತು. ಕೊತ್ತಂಬರಿಯನ್ನ ನಾವು ಹಸಿಯಾಗೇ ಉದುರಿಸಿಕೊಂಡು ತಿಂತೀವಲ್ಲ.

ಉಪ್ಪಿನ ವಿಷಯದಲ್ಲೂ 2250 ನನಗೆ ಒಪ್ಪಿಗೆಯಿಲ್ಲ. ಎಫ್‌ಎಒ ಕೋಷ್ಟಕದ ಪ್ರಕಾರ ನೀರಿನ ಇಸಿ 700 ದಾಟಿದರೆ ಬೀನ್ಸ್ ಇಳುವರಿ ಇಳಿಯೋಕೆ ಶುರು. 2400ಕ್ಕೆ ಅರ್ಧಕ್ಕೆ ಬರುತ್ತೆ. ಟೊಮೆಟೊ 1700ರವರೆಗೆ ತಡೆಯುತ್ತೆ. ಅಂದ್ರೆ ದರ್ಜೆ ಒಂದೇ ಆದ್ರೂ ಬೆಳೆಗೆ ತಕ್ಕ ಹಾಗೆ ಲೆಕ್ಕ ಬೇರೆ.

ಹಾಗಾಗಿ ಲ್ಯಾಬಿಗೆ ಹೋಗುವ ಮೊದಲು ಫೋನ್ ಮಾಡಿ, ಕೋಲಿಫಾರ್ಮ್ ಮತ್ತು ಭಾರಲೋಹ ಪರೀಕ್ಷೆ ಮಾಡ್ತೀರಾ ಅಂತ ಕೇಳಿ. ಎಲ್ಲ ಕಡೆ ಮಾಡಲ್ಲ. ಉಪ್ಪಿನ ಪರೀಕ್ಷೆಗೆ ಒಂದು ಲೀಟರ್ ಬಾಟಲಿಯನ್ನ ಅದೇ ನೀರಲ್ಲಿ ಮೂರು ಸಲ ತೊಳೆದು, ಹರಿವಿರುವ ಕಡೆ ಒಂದು ಅಡಿ ಆಳದಲ್ಲಿ ತುಂಬಿ. ದಡದ ನಿಂತ ನೀರು ಬೇಡ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನವರೇ ಕೊಡೋ ಸ್ಟೆರೈಲ್ ಬಾಟಲಿ ಬೇಕು. ಅದನ್ನ ತೊಳೆಯಬೇಡಿ, ಮುಚ್ಚಳದ ಒಳಗೆ ಬೆರಳು ತಾಗಿಸಬೇಡಿ. ಐಸ್ ಪೆಟ್ಟಿಗೆಯಲ್ಲಿಟ್ಟು ಅವತ್ತೇ ತಲುಪಿಸಿ. ಚರಂಡಿ ಸೇರುವ ಜಾಗದ ಮೇಲೊಂದು, ಕೆಳಗೊಂದು ಮಾದರಿ ತೆಗೆದರೆ ಕೊಳೆ ಎಲ್ಲಿಂದ ಬರ್ತಿದೆ ಅನ್ನೋದೂ ಗೊತ್ತಾಗುತ್ತೆ. ಏಪ್ರಿಲ್‌ನಲ್ಲಿ ಒಮ್ಮೆ, ಮೊದಲ ಮಳೆ ಬಿದ್ದಾಗ ಇನ್ನೊಮ್ಮೆ ತೆಗೀರಿ. ಬೇಸಿಗೆಯಲ್ಲಿ ಉಪ್ಪು ಗಟ್ಟಿಯಾಗಿರುತ್ತೆ, ಮೊದಲ ಮಳೆ ಊರಿನ ಕೊಳೆಯನ್ನೆಲ್ಲ ಹೊಳೆಗೆ ತರುತ್ತೆ.