ಬೆಲ್ಜಿಯಮ್ಮಿನ ಬಟ್ಟಲಿನಲ್ಲಿ ಕಮಲಾಪುರದ ಬಾಳೆಯ ಕಂಪು

ಡಿಸೆಂಬರ್ ತಿಂಗಳಲ್ಲಿ ನಮ್ಮ ಕಲಬುರಗಿಯ ಬಿಸಿಲೂ ಒಂದಿಷ್ಟು ಸೌಮ್ಯವಾಗುತ್ತದೆ. ಎಳ್ಳ ಅಮಾವಾಸ್ಯೆಗೆ ಜನರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭಜ್ಜಿ, ಸಜ್ಜೆ ರೊಟ್ಟಿಗಳನ್ನು ಉಂಡು, ಹುಳಿಯೇರಿದ ಜೋಳದ ಅಂಬಲಿಯನ್ನು ಕುಡಿಯುವ ಕಾಲವದು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಕ್ರೈಸ್ತ ಬಂಧುಗಳ ಮನೆಯ ಮುಂದೆ ನಕ್ಷತ್ರದ ದೀಪಗಳು ತೂಗುತ್ತವೆ. ಅಂಥದೊಂದು ಮನೆಯಲ್ಲಿ, ಕಳೆದ ಕ್ರಿಸ್‌ಮಸ್ ರಾತ್ರಿ ಹುಟ್ಟಿದ ವಾದವೊಂದು ಈ ಲೇಖನಕ್ಕೆ ಕಾರಣ.

ನನ್ನ ಸಹಪಾಠಿಯೊಬ್ಬನು ಬೆಲ್ಜಿಯಮ್ ದೇಶದಲ್ಲಿ ಉದ್ಯೋಗದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬರುವಾಗ ಆ ದೇಶದ ಕಡುಗಂದು ಬಣ್ಣದ ಕ್ರಿಸ್‌ಮಸ್ ಬೀರಿನ ಬಾಟಲಿಯೊಂದನ್ನು ತಂದಿದ್ದನು. ಶೀತಕದಿಂದ ತೆಗೆದ ಕೂಡಲೆ ಅಗಲಬಾಯಿಯ ಗಾಜಿನ ಬಟ್ಟಲಿಗೆ ಸುರಿದು ನನ್ನ ಮೂಗಿನ ಬಳಿ ಹಿಡಿದನು. ವಿಶೇಷವೇನೂ ತೋರಲಿಲ್ಲ. ಊಟದ ಗಲಾಟೆಯಲ್ಲಿ ಬಟ್ಟಲು ಮೇಜಿನ ಮೇಲೆಯೇ ಅರ್ಧ ಗಂಟೆ ಉಳಿಯಿತು. ಆಗ ಒಳಗಿನಿಂದ ಬಂದ ಅವನ ತಾಯಿ, "ಕಮಲಾಪುರದ ಬಾಳಿಹಣ್ಣು ಯಾರು ತಂದೀರಪ್ಪಾ?" ಎಂದು ಕೇಳಿದರು. ಮನೆಯಲ್ಲಿ ಬಾಳೆಹಣ್ಣು ಇರಲಿಲ್ಲ. ವಾಸನೆ ಬಟ್ಟಲಿನಿಂದ ಬರುತ್ತಿತ್ತು!

"ಇದಕ್ಕೆ ಬಾಳೆಯ ಸತ್ವ ಬೆರೆಸಿದ್ದಾರೆ" ಎಂದು ಗೆಳೆಯನ ತಮ್ಮನು ಸಾಧಿಸತೊಡಗಿದನು. ಚೀಟಿಯಲ್ಲಿ ಇದ್ದುದು ನೀರು, ಮೊಳಕೆ ಬರಿಸಿದ ಜವೆಗೋಧಿ, ಸಕ್ಕರೆ, ಹಾಪ್ ಹೂ ಮತ್ತು ಯೀಸ್ಟು ಇಷ್ಟೇ. ಪಣ ಕಟ್ಟಲಾಯಿತು. ಚೀಟಿ ನಿಜವೆಂದು ನಾನು ತೋರಿಸಿಕೊಟ್ಟರೆ ಅವನು ಕಮಲಾಪುರದ ಕೆಂಪು ಬಾಳೆಯ ಗೊನೆಯೊಂದನ್ನು ತರಬೇಕು. ಇಲ್ಲವಾದರೆ ನಾನು ತರಬೇಕು. ಹುಮನಾಬಾದ್ ರಸ್ತೆಯ ಆ ಊರಿನ ಸುತ್ತಲಿನ ಕಣಿವೆಯಲ್ಲಿ ಬೆಳೆಯುವ ಈ ಹಣ್ಣಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಬೇರೆ ಬಾಳೆಗಳಿಗಿಂತ ಫಸಲಿಗೆ ಹೆಚ್ಚು ಕಾಲ ಬೇಕಾದುದರಿಂದ ಬೆಲೆಯೂ ಹೆಚ್ಚು. ಉಪನ್ಯಾಸಕನ ಮಟ್ಟಿಗೆ ಸಣ್ಣ ಪಣವೇನೂ ಅಲ್ಲ.

ಮೊದಲು ಬಾಳೆಯ ವಾಸನೆ ಎಂದರೇನೆಂದು ವಿಚಾರಿಸೋಣ. ಹಣ್ಣು ಮಾಗಿದಂತೆ ಅದರಲ್ಲಿ ಹಲವು ಸುಲಭವಾಗಿ ಆವಿಯಾಗುವ ವಸ್ತುಗಳು ಹುಟ್ಟುತ್ತವೆ. ಇವುಗಳಲ್ಲಿ ನಾವು 'ಬಾಳೆ' ಎಂದು ಕಣ್ಣುಮುಚ್ಚಿ ಗುರುತಿಸುವ ವಾಸನೆಗೆ ಮುಖ್ಯ ಕಾರಣ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರು. ಇದರ ಒಂದು ಅಣುವಿನಲ್ಲಿ 7 ಇಂಗಾಲ, 14 ಜಲಜನಕ, 2 ಆಮ್ಲಜನಕದ ಪರಮಾಣುಗಳಿವೆ. ಒಂದು ಲೀಟರು ಬೀರಿನಲ್ಲಿ ಸುಮಾರು ಒಂದು ಮಿಲಿಗ್ರಾಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಇದ್ದರೂ ಸಾಕು, ಮೂಗಿಗೆ ತಿಳಿಯುತ್ತದೆ.

ಯೀಸ್ಟು ಇದೇ ಅಣುವನ್ನು ತಾನಾಗಿ ಕಟ್ಟಬಲ್ಲದು. ಜವೆಗೋಧಿಯ ಸಾರದಲ್ಲಿ ಲ್ಯೂಸೀನ್ ಎಂಬ ಅಮಿನೋ ಆಮ್ಲವಿರುತ್ತದೆ. ಯೀಸ್ಟು ಅದರೊಳಗಿನ ಸಾರಜನಕವನ್ನು ತನಗಾಗಿ ಕಿತ್ತುಕೊಂಡು, ಮಿಕ್ಕ ಭಾಗವನ್ನು ಐಸೊಅಮೈಲ್ ಆಲ್ಕೊಹಾಲಾಗಿ ಮಾರ್ಪಡಿಸುತ್ತದೆ. ಈ ಮಾರ್ಗವನ್ನು 1907ರಲ್ಲಿ ವಿವರಿಸಿದವನು ಜರ್ಮನಿಯ ರಸಾಯನಶಾಸ್ತ್ರಜ್ಞ ಫೆಲಿಕ್ಸ್ ಎರ್ಲಿಖ್. ಬಳಿಕ ಕಿಣ್ವವೊಂದು ಆ ಆಲ್ಕೊಹಾಲಿಗೆ ಅಸಿಟಿಕ್ ಗುಂಪನ್ನು ಜೋಡಿಸುತ್ತದೆ; ಬಾಳೆಯ ಎಸ್ಟರು ಸಿದ್ಧವಾಯಿತು. ಸೋಜಿಗವೆಂದರೆ, ಮಾಗುವ ಬಾಳೆಹಣ್ಣು ಕೂಡ ಈ ಎಸ್ಟರನ್ನು ಲ್ಯೂಸೀನಿನಿಂದಲೇ ತಯಾರಿಸುತ್ತದೆ.

ಹಾಗಾದರೆ ಎಲ್ಲ ಬೀರೂ ಬಾಳೆಯ ವಾಸನೆಯನ್ನು ಬೀರಬೇಕಲ್ಲವೆ? ಇಲ್ಲಿ ಉಷ್ಣತೆಯ ಪ್ರಶ್ನೆ ಬರುತ್ತದೆ. ನಮ್ಮ ದೇಶದಲ್ಲಿ ಸಾಮಾನ್ಯವಾದ ಲಾಗರ್ ಜಾತಿಯ ಬೀರನ್ನು 8ರಿಂದ 12 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹುದುಗಿಸುತ್ತಾರೆ. ಆ ಚಳಿಯಲ್ಲಿ ಎಸ್ಟರು ಹುಟ್ಟುವುದು ಕಡಿಮೆ. ಬೆಲ್ಜಿಯಮ್ಮಿನ ಕಡುಬೀರುಗಳನ್ನು 20 ಡಿಗ್ರಿಗೂ ಮೇಲೆ, ಕೆಲವೊಮ್ಮೆ 25ನ್ನೂ ದಾಟಿಸಿ ಹುದುಗಿಸುವುದುಂಟು. ಅದೂ ಅಲ್ಲದೆ ಕ್ರಿಸ್‌ಮಸ್ ಬೀರಿನ ಸಾರದಲ್ಲಿ ಸಕ್ಕರೆಯ ಪ್ರಮಾಣ ಹೆಚ್ಚು. ಸಾರ ಗಟ್ಟಿಯಾದಷ್ಟೂ ಎಸ್ಟರು ಹೆಚ್ಚು. ಪಾತ್ರೆಯ ಎತ್ತರವೂ ಪರಿಣಾಮ ಬೀರುತ್ತದೆಂದರೆ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಸಂತೋಷವಾದೀತು. ಬಹಳ ಎತ್ತರದ ತೊಟ್ಟಿಯಲ್ಲಿ ದ್ರವದ ಒತ್ತಡದಿಂದಾಗಿ ತಳದಲ್ಲಿ ಇಂಗಾಲದ ಡೈ ಆಕ್ಸೈಡು ಹೆಚ್ಚು ಕರಗಿ ನಿಲ್ಲುತ್ತದೆ. ಅದು ಯೀಸ್ಟಿನ ಎಸ್ಟರು ತಯಾರಿಕೆಯನ್ನು ತಗ್ಗಿಸುತ್ತದೆ. ತಗ್ಗಾದ ಪಾತ್ರೆಯಲ್ಲಿ ಈ ಅಡ್ಡಿ ಇಲ್ಲ.

ಯೀಸ್ಟಿನ ತಳಿಯಂತೂ ಮುಖ್ಯವೇ. ಸ್ಕೂರ್ಮೋನ್ ಮಠದ ಸಂನ್ಯಾಸಿ ಫಾದರ್ ಥಿಯೊಡೋರ್ ಎರಡನೆಯ ಮಹಾಯುದ್ಧದ ತರುವಾಯ ಲ್ಯೂವೆನ್ನಿನ ಪ್ರಾಧ್ಯಾಪಕ ಜಾನ್ ಡಿ ಕ್ಲರ್ಕರ ನೆರವಿನಿಂದ ಶುದ್ಧ ತಳಿಯೊಂದನ್ನು ಬೇರ್ಪಡಿಸಿದರು. ಅಲ್ಲಿನ 'ಷಿಮೆ' ಬೀರುಗಳಲ್ಲಿ ನೀಲಿ ಚೀಟಿಯದು ಮೊದಲಿಗೆ ಕ್ರಿಸ್‌ಮಸ್ಸಿಗೆಂದೇ ತಯಾರಾದುದು. ಕೆಲವು ತಳಿಗಳು ಲವಂಗವನ್ನೇ ಹಾಕದೆ ಲವಂಗದ ಪರಿಮಳವನ್ನೂ ಕೊಡುತ್ತವೆ. ನಿಜಕ್ಕೂ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ, ದಾಲ್ಚಿನ್ನಿಗಳನ್ನು ಹಾಕುವ ತಯಾರಕರೂ ಇದ್ದಾರೆ. ಆದ್ದರಿಂದ ತಮ್ಮನ ಸಂಶಯ ತೀರ ಅವಿವೇಕದ್ದಲ್ಲ.

ಇನ್ನು ಬಟ್ಟಲು ಅರ್ಧ ಗಂಟೆ ಮೌನವಾಗಿದ್ದುದೇಕೆ? ದ್ರವದಿಂದ ಅಣುವೊಂದು ತಪ್ಪಿಸಿಕೊಂಡು ಗಾಳಿಗೆ ಹಾರಬೇಕಾದರೆ ಶಕ್ತಿ ಬೇಕು. ಶೀತಕದ 4 ಡಿಗ್ರಿಯಿಂದ 14 ಡಿಗ್ರಿಗೆ ಬಂದಾಗ ಬೀರಿನ ಮೇಲಿನ ಎಸ್ಟರಿನ ಆವಿಯ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಆದುದರಿಂದಲೇ ಬೆಲ್ಜಿಯಮ್ಮಿನವರು ಚಳಿಗಾಲದ ಬೀರನ್ನು 10ರಿಂದ 14 ಡಿಗ್ರಿಯಲ್ಲಿಟ್ಟು, ಅಗಲ ಬಟ್ಟಲಿನಲ್ಲಿ ನಿಧಾನವಾಗಿ ಗುಟುಕರಿಸುತ್ತಾರೆ. ನಿಧಾನಕ್ಕೆ ಬೇರೆ ಕಾರಣವೂ ಇದೆ. ನೂರಕ್ಕೆ 9ರಷ್ಟು ಮದ್ಯಸಾರವಿರುವ 330 ಮಿಲಿಲೀಟರಿನ ಬಾಟಲಿಯಲ್ಲಿ ಸುಮಾರು 23 ಗ್ರಾಂ ಮದ್ಯಸಾರ. ನೂರಕ್ಕೆ 5ರ ಬೀರಿನಲ್ಲಾದರೆ 13 ಗ್ರಾಂ. ಮದ್ಯವನ್ನು ಅರ್ಬುದರೋಗಕಾರಕವೆಂದು ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆ 1988ರಲ್ಲೇ ವರ್ಗೀಕರಿಸಿದೆ. ನಾನು ಎರಡು ಚಮಚೆ ಮಾತ್ರ ರುಚಿ ನೋಡಿದೆ: ಬೆಲ್ಲದ ಪಾಕ, ಒಣ ಖರ್ಜೂರ, ಕೊನೆಗೆ ಹಾಪಿನ ತೆಳುವಾದ ಕಹಿ. ವಾಸನೆಯೇ ರುಚಿಗಿಂತ ಮೇಲೆಂದು ನನ್ನ ಅಭಿಪ್ರಾಯ. ತರುಣ ವಾಚಕರು ಈ ಪರೀಕ್ಷೆಗೆ ಬೀರನ್ನು ಹುಡುಕಬೇಕಾಗಿಲ್ಲ. ಮಾಗಿದ ಬಾಳೆಯ ಎರಡು ಹೋಳುಗಳನ್ನು ಮುಚ್ಚಳವಿರುವ ಎರಡು ಲೋಟಗಳಲ್ಲಿ ಹಾಕಿ, ಒಂದನ್ನು ಶೀತಕದಲ್ಲಿ, ಒಂದನ್ನು ಹೊರಗೆ ಇಟ್ಟು, ಗಂಟೆಯ ಮೇಲೆ ಮೂಸಿ ನೋಡಲಿ.

ತಮ್ಮನು ಸುಮ್ಮನಾಗಲಿಲ್ಲ. "ಹಣ್ಣು ಪ್ರಾಣಿಗಳನ್ನು ಕರೆಯಲಿಕ್ಕೆ ಪರಿಮಳ ಬೀರುತ್ತದೆ, ಒಪ್ಪಿದೆ. ಯೀಸ್ಟಿಗೆ ಯಾರನ್ನು ಕರೆಯಬೇಕಾಗಿದೆ?" ಎಂದನು. ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಬಂದುದು ಬೆಲ್ಜಿಯಮ್ಮಿನ ಲ್ಯೂವೆನ್ನಿನಿಂದಲೇ. ಕೆವಿನ್ ವರ್ಸ್ಟ್ರೆಪನ್ ಎಂಬ ವಿಜ್ಞಾನಿ ವಿದ್ಯಾರ್ಥಿಯಾಗಿದ್ದಾಗ, ವಾರಾಂತ್ಯದಲ್ಲಿ ಯೀಸ್ಟಿನ ಗಾಜುಪಾತ್ರೆಗಳನ್ನು ಮೇಜಿನ ಮೇಲೆಯೇ ಬಿಟ್ಟುಹೋದನಂತೆ. ನೆರೆಯ ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡ ಸಣ್ಣ ಹಣ್ಣುನೊಣಗಳು ಸೋಮವಾರದ ಹೊತ್ತಿಗೆ ಪರಿಮಳದ ಯೀಸ್ಟಿನ ಪಾತ್ರೆಗೆ ನುಗ್ಗಿದ್ದವು. ಎಸ್ಟರು ತಯಾರಿಸುವ ಜೀನನ್ನು ತೆಗೆದುಹಾಕಿದ್ದ ಯೀಸ್ಟಿನ ಪಾತ್ರೆಯನ್ನು ಬಿಟ್ಟಿದ್ದವು. ವರ್ಷಗಳ ಮೇಲೆ, 2014ರಲ್ಲಿ, ಅವರ ತಂಡ ಇದನ್ನು ಕ್ರಮವಾದ ಪ್ರಯೋಗಗಳಿಂದ ಸ್ಥಾಪಿಸಿತು. ಯೀಸ್ಟಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ವಾಸನೆಗೆ ಬಂದ ನೊಣದ ಮೈಗಂಟಿ ಅದು ಹೊಸ ಹಣ್ಣಿಗೆ ಸಾಗುತ್ತದೆ.

ಮಡ್ಡಿ ಉಳಿದಿದ್ದ ಬಟ್ಟಲನ್ನು ತೊಳೆಯಬೇಡಿರೆಂದು ನಾನು ಆ ರಾತ್ರಿಯೇ ಬೇಡಿಕೊಂಡಿದ್ದೆ. ಬೆಳಗ್ಗೆ ಅದರ ಅಂಚಿನ ಮೇಲೆ ಮೂರು ನೊಣಗಳು ಕುಳಿತಿದ್ದವು. ತಮ್ಮನು ಮರುದಿನ ಕಮಲಾಪುರಕ್ಕೆ ಹೋಗಿ ಗೊನೆಯನ್ನು ತಂದು ಅದೇ ಮೇಜಿನ ಮೇಲೆ ಇಟ್ಟನು. ಸಂಜೆಯ ಹೊತ್ತಿಗೆ ಅದರ ಮೇಲೂ ನೊಣಗಳಿದ್ದವು.