ಎಲೆಮರೆಯ ಕಾಯಾಗಿ ಉಳಿದರೆ ಕಸುಬು ನಡೆಯದು: ನಮ್ಮ ಚಿತ್ರವಿನ್ಯಾಸಕ ತರುಣರ ಉದ್ದಿಮೆಯ ಕುರಿತು

ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಬಹುಮಂದಿ ಹಗಲು ಹೋಟೆಲಿನಲ್ಲಿ ದುಡಿದು, ಇರುಳು ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ನಾಲ್ಕಕ್ಷರ ಕಲಿತವರು. ಅವರ ಮಕ್ಕಳು ಆ ಅಕ್ಷರದ ಬಲದಿಂದ ಗುಮಾಸ್ತರಾದರು. ಮೊಮ್ಮಕ್ಕಳಲ್ಲಿ ಕೆಲವರು ಇಂದು ಅಕ್ಷರವನ್ನೇ ಕಸುಬನ್ನಾಗಿ ಮಾಡಿಕೊಂಡಿರುವರು. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ಚಿಕ್ಕ ಮನೆಗಳಲ್ಲಿ ಒಂದು ಕಂಪ್ಯೂಟರನ್ನಿಟ್ಟುಕೊಂಡು ಮದುವೆಯ ಕರೆಯೋಲೆ, ಹೋಟೆಲಿನ ತಿಂಡಿಪಟ್ಟಿ, ಯಕ್ಷಗಾನದ ಕರಪತ್ರ, ಭಜನಾಮಂಡಳಿಯ ವಾರ್ಷಿಕೋತ್ಸವದ ಬ್ಯಾನರು, ಅಂಗಡಿಯ ಲಾಂಛನ ಮುಂತಾದವನ್ನು ರಚಿಸಿಕೊಡುವ ಈ ಉದ್ಯೋಗಕ್ಕೆ ಗ್ರಾಫಿಕ್ ಡಿಸೈನ್ ಎಂದು ಹೆಸರು.

ಇದಕ್ಕೆ ಬಂಡವಾಳವೆಲ್ಲಿಂದ ಬರುವುದು? ಅನೇಕ ಸಂಸಾರಗಳಲ್ಲಿ ತಂದೆಯ ಪ್ರಾವಿಡೆಂಟ್ ಫಂಡಿನಿಂದ. ಇಲ್ಲವೆ ತಾಯಿಯ ಕೈಬಳೆಯಿಂದ. ಕೆಲಸ ಬಲ್ಲ ತರುಣನಿಗೆ ಗಿರಾಕಿ ಸಿಗದಿದ್ದಲ್ಲಿ ಮುಳುಗುವುದು ಅವನೊಬ್ಬನೇ ಅಲ್ಲ. ಇಂಥ ಸಮಯವನ್ನೇ ಕಾದಿದ್ದು, ಗೂಗಲಿನಲ್ಲಿ ನಿಮ್ಮ ಹೆಸರನ್ನು ಮೊದಲನೆಯ ಸ್ಥಾನಕ್ಕೆ ತಂದುಕೊಡುವೆವೆಂದು ಫೋನಿನಲ್ಲಿ ನಂಬಿಸಿ, ತಿಂಗಳು ತಿಂಗಳೂ ಹಣ ಕೀಳುವವರು ಹೇರಳವಾಗಿದ್ದಾರೆ. ಮೊದಲನೆಯ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರೆಂದೂ, ಹತ್ತಿರದ ಅಂಗಡಿಗಳನ್ನು ತೋರಿಸುವ ಪಟ್ಟಿಯಲ್ಲಿ ಮೇಲೇರಲು ಹಣ ಕೊಡುವ ದಾರಿಯೇ ಇಲ್ಲವೆಂದೂ ಗೂಗಲ್ ಸಂಸ್ಥೆಯೇ ಪ್ರಕಟವಾಗಿ ಹೇಳಿದೆ. ಈ ಒಂದು ಮಾತನ್ನು ನಮ್ಮ ತರುಣರು ತಿಳಿದಿದ್ದರೆ ಎಷ್ಟೋ ಮನೆಗಳ ದುಡ್ಡು ಉಳಿದೀತು.

ಮೂರು ಅಳತೆಗಳು

ಹಾಗಾದರೆ ಕಾಣಿಸಿಕೊಳ್ಳುವ ಬಗೆ ಯಾವುದು? ಹತ್ತಿರದ ವ್ಯಾಪಾರಿಗಳನ್ನು ಗೂಗಲ್ ಮುಖ್ಯವಾಗಿ ಮೂರು ಅಳತೆಗಳಿಂದ ಅಳೆಯುವುದು: ಕೇಳಿದ್ದಕ್ಕೂ ನಮ್ಮಲ್ಲಿರುವುದಕ್ಕೂ ಇರುವ ಹೊಂದಿಕೆ, ಗಿರಾಕಿಗೂ ನಮಗೂ ಇರುವ ದೂರ, ಜನರಲ್ಲಿ ನಮಗಿರುವ ಹೆಸರು. ಹೋಟೆಲಿನವರಾದ ನಮಗೆ ಇದು ಹೊಸ ಪಾಠವೇನಲ್ಲ. ಎ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ನೆನೆಯಿರಿ. ಉಣ್ಣಲು ಸಿಗುವುದೇನೆಂಬುದನ್ನು ಹೆಸರೇ ಹೇಳುವುದು. ರೈಲ್ವೆ ನಿಲ್ದಾಣ ಬದಿಯಲ್ಲೇ ಇರುವುದು. ಉಂಡವರು ಇತರರಿಗೆ ಹೇಳಿದರು. ಆದುದರಿಂದಲೇ ಜನರು ಮೆಟ್ಟಿಲು ಹತ್ತಿ ಮಾಳಿಗೆಗೂ ಹೋಗುವರು.

ಮೊದಲನೆಯದು ಹೊಂದಿಕೆ. ನಮ್ಮ ವಿನ್ಯಾಸಕರ ಪರಿಚಯಪತ್ರಗಳಲ್ಲಿ ದೊಡ್ಡ ದೊಡ್ಡ ಮಾತುಗಳಿರುತ್ತವೆಯೇ ಹೊರತು ಮಾಡುವ ಕೆಲಸವೇನೆಂಬುದು ಇರುವುದಿಲ್ಲ. ತಿಂಡಿಪಟ್ಟಿಯಲ್ಲಿ "ರುಚಿಕರ ಪದಾರ್ಥ" ಎಂದಷ್ಟೇ ಬರೆದರೆ ದೋಸೆ ಕೇಳುವವನು ಬರುವನೆ? "ಕನ್ನಡ, ಮರಾಠಿ, ಇಂಗ್ಲಿಷ್ ಮದುವೆ ಪತ್ರಿಕೆ, ಹೋಟೆಲ್ ಮೆನು ಕಾರ್ಡು, ಅಂಗಡಿಯ ನಾಮಫಲಕ" ಎಂದು ಬಿಡಿಸಿ ಬರೆಯತಕ್ಕದ್ದು. ಇದಕ್ಕಾಗಿ ಗೂಗಲಿನಲ್ಲಿ ಬಿಸಿನೆಸ್ ಪ್ರೊಫೈಲ್ ಎಂಬ ನೋಂದಣಿಯುಂಟು, ಅದಕ್ಕೆ ಶುಲ್ಕವಿಲ್ಲ. ವ್ಯವಹಾರದ ನಿಜವಾದ ಹೆಸರನ್ನೇ ಅಲ್ಲಿ ಕೊಡಬೇಕು. ಹೆಸರಿನ ಬೆನ್ನಿಗೆ "ಡೊಂಬಿವಲಿಯಲ್ಲಿ ಅತಿ ಅಗ್ಗ" ಎಂಬಂಥ ಬಾಲ ಕಟ್ಟುವುದು ನಿಯಮಕ್ಕೆ ವಿರುದ್ಧ. ಅದರಿಂದ ನೋಂದಣಿಯೇ ಅಮಾನತಾಗಬಹುದು.

ಎರಡನೆಯದು ದೂರ. ಮನೆಯಲ್ಲೇ ಕುಳಿತು ಕೆಲಸ ಮಾಡುವವರು, ಅದರಲ್ಲೂ ಹೆಣ್ಣುಮಕ್ಕಳು, ವಿಳಾಸವನ್ನು ಊರಿಗೆಲ್ಲ ತೋರಿಸಲು ಹಿಂಜರಿಯುವುದು ಸಹಜ. ಗಿರಾಕಿಯ ಬಳಿಗೆ ತಾವೇ ಹೋಗುವವರು ವಿಳಾಸವನ್ನು ಮರೆಮಾಡಿ, ತಾವು ಕೆಲಸ ಮಾಡಿಕೊಡುವ ಪ್ರದೇಶಗಳನ್ನು ಮಾತ್ರ ಹೆಸರಿಸಬಹುದು. 20 ಸ್ಥಳಗಳವರೆಗೆ ಅವಕಾಶವಿದೆ. ಆದರೆ ಗಿರಾಕಿಯನ್ನು ಮುಖತಃ ಕಾಣದೆ ಕೇವಲ ಅಂತರ್ಜಾಲದಲ್ಲೇ ನಡೆಯುವ ವ್ಯವಹಾರಕ್ಕೆ ಈ ನೋಂದಣಿ ಸಲ್ಲದು. ಪನವೇಲಿನಲ್ಲಿ ಹುಡುಕುವವನಿಗೆ ಕಲ್ಯಾಣದವನು ಮೊದಲು ಕಾಣಿಸದಿದ್ದರೆ ಅದರಲ್ಲಿ ಕುಂದೇನೂ ಇಲ್ಲ. ತನ್ನ ನಿಲ್ದಾಣದ ಎರಡೂ ಬದಿಯ ಪೇಟೆಯಲ್ಲಿ ಕಾಣಿಸಿದರೆ ಒಂದು ಸಂಸಾರದ ಹೊಟ್ಟೆ ತುಂಬುವುದು.

ಮೂರನೆಯದು ಹೆಸರು. ಕೆಲಸ ಒಪ್ಪಿಸಿದ ದಿನವೇ, ಗಿರಾಕಿಯ ಸಂತೋಷ ಆರುವ ಮುನ್ನ, ನಾಲ್ಕು ಸಾಲು ಅಭಿಪ್ರಾಯ ಬರೆಯುವಂತೆ ವಿನಯದಿಂದ ಕೇಳಬೇಕು. ಅದಕ್ಕೆ ಪ್ರತಿಯಾಗಿ ರಿಯಾಯಿತಿಯನ್ನಾಗಲಿ ಹಣವನ್ನಾಗಲಿ ಕೊಡಕೂಡದು. ಗೂಗಲಿನ ನಿಯಮಗಳು ಇದನ್ನು ನಿಷೇಧಿಸಿವೆ. ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಹೊರಡಿಸಿದ ಐ.ಎಸ್. 19000 ಎಂಬ ಮಾನಕವೂ ಕೊಂಡು ತಂದ ಅಭಿಪ್ರಾಯಗಳನ್ನು ಒಪ್ಪುವುದಿಲ್ಲ. ಯಾರಾದರೂ ದೂರು ಬರೆದರೆ ಜಗಳಕ್ಕೆ ಹೋಗದೆ ಶಾಂತವಾಗಿ ಉತ್ತರಿಸತಕ್ಕದ್ದು. ಸಾಂಬಾರು ತಣ್ಣಗಿದೆಯೆಂದ ಗಿರಾಕಿಗೆ ನಾವು ಕೊಡುವ ಉತ್ತರವನ್ನು ಪಕ್ಕದ ಮೇಜಿನವರೂ ಆಲಿಸುತ್ತಿರುವರಷ್ಟೆ.

ಯಂತ್ರ ಓದಬಲ್ಲ ಅಕ್ಷರ

ಕನ್ನಡ ವಿನ್ಯಾಸಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ ಕನ್ನಡವು 1991ರ ಮೊದಲನೆಯ ಆವೃತ್ತಿಯಿಂದಲೇ ಸೇರಿದೆ. ಆದರೂ ಅಚ್ಚಿನ ಕೆಲಸದಲ್ಲಿ ಹಳೆಯ ಫಾಂಟುಗಳ ರೂಢಿ ಪೂರ್ತಿ ಬಿಟ್ಟಿಲ್ಲ. ಅವುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ. ಯಂತ್ರಕ್ಕೆ ತಿಳಿಯುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದನ್ನೇ ಅಂತರ್ಜಾಲಕ್ಕೆ ಏರಿಸಿದರೆ "ಕನ್ನಡ ಮದುವೆ ಪತ್ರಿಕೆ" ಎಂದು ಹುಡುಕುವವನಿಗೆ ಅದು ಸಿಗಲಾರದು. ಚಿತ್ರದೊಳಗೆ ಬರೆದ ಅಕ್ಷರವನ್ನು ಯಂತ್ರ ಓದಿಯೇ ತೀರುವುದೆಂದು ನಂಬಿ ಕೂರುವಂತೆಯೂ ಇಲ್ಲ. ಆದುದರಿಂದ ತಾವು ಮಾಡಿದ ಕೆಲಸದ ಮಾದರಿಯನ್ನು ಗಿರಾಕಿಯ ಒಪ್ಪಿಗೆ ಪಡೆದು ಪ್ರಕಟಿಸುವಾಗ, ಅದೇನು, ಯಾವ ಊರಿನವರಿಗೆ, ಯಾವ ಭಾಷೆಯಲ್ಲಿ ಎಂಬುದನ್ನು ಚಿತ್ರದ ಕೆಳಗೆ ಯೂನಿಕೋಡಿನಲ್ಲಿ ಎರಡು ಸಾಲು ಬರೆಯುವುದು ಲೇಸು.

ಈ ಅಕ್ಷರಗಳ ಹಿಂದೆ ಮುಂಬಯಿಯ ಋಣವೂ ಇದೆ. ವಿಂಡೋಸ್ ಕಂಪ್ಯೂಟರುಗಳಲ್ಲಿ ಬಂದ "ತುಂಗಾ" ಎಂಬ ಕನ್ನಡ ಫಾಂಟು, ಮುಂಬಯಿ ಐ.ಐ.ಟಿ.ಯಲ್ಲಿ ಅಧ್ಯಾಪಕರಾಗಿದ್ದ ರ. ಕೃ. ಜೋಶಿಯವರ ನಿರ್ದೇಶನದಲ್ಲಿ ರೂಪುಗೊಂಡದ್ದು. ಕನ್ನಡ ಕೀಲಿಮಣೆಯ ವಿನ್ಯಾಸಕ್ಕೆ ಹೆಸರಾದ ಕಿನ್ನಿಕಂಬಳದ ಕೆ. ಪಿ. ರಾಯರು ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿ ಕೆಲಸ ಮಾಡಿದವರು. ಮುಂಬಯಿಯ ಏಕ್ ಟೈಪ್ ಸಂಸ್ಥೆಯವರ "ಬಲೂ ತಮ್ಮ" ಎಂಬ ಕನ್ನಡ ಫಾಂಟು ಎಲ್ಲರಿಗೂ ಉಚಿತವಾಗಿ ದೊರೆಯುವುದು. ಕದ್ದ ಫಾಂಟಿನಿಂದ ಹೊಟ್ಟೆ ಹೊರೆಯುವ ಅಗತ್ಯ ಯಾರಿಗೂ ಇಲ್ಲ. ಗೀಚುವುದೂ ಒಂದು ಉದ್ಯೋಗವೇ ಎಂದು ಮೂಗು ಮುರಿಯುವ ತಂದೆತಾಯಿಗಳು, ಕಟ್ಟಿಂಗೇರಿಯಿಂದ ಬಂದು ಇದೇ ನಗರದ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿದ ಕೆ. ಕೆ. ಹೆಬ್ಬಾರರನ್ನು ನೆನೆಯಲಿ.

ಕೈಯಳವಿನ ಕೆಲಸ

ಕೆಲಸಕ್ಕಂತೂ ಕೊರತೆಯಿಲ್ಲ. ಹತ್ತು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗಳೂ ದೇವನಾಗರಿಯಲ್ಲಿ ಮರಾಠಿ ಫಲಕ ಹಾಕಬೇಕೆಂದು, ಆ ಅಕ್ಷರ ಬೇರೆ ಲಿಪಿಯ ಅಕ್ಷರಕ್ಕಿಂತ ಚಿಕ್ಕದಿರಕೂಡದೆಂದು ಮಹಾರಾಷ್ಟ್ರ ಸರ್ಕಾರ 2022ರಲ್ಲಿ ಕಾಯಿದೆಯನ್ನು ತಿದ್ದಿತು. ಇದನ್ನು ಪಾಲಿಸಲು ಸರ್ವೋಚ್ಚ ನ್ಯಾಯಾಲಯವು 2023ರ ಸೆಪ್ಟೆಂಬರಿನಲ್ಲಿ ವ್ಯಾಪಾರಿಗಳಿಗೆ ಎರಡು ತಿಂಗಳ ಕಾಲಾವಧಿ ಕೊಟ್ಟಿತು. ಕನ್ನಡವನ್ನೂ ಮರಾಠಿಯನ್ನೂ ತಪ್ಪಿಲ್ಲದೆ ಬರೆಯಬಲ್ಲ ನಮ್ಮ ತರುಣನು, ಈ ನಿಯಮವನ್ನು ತಿಳಿದು ಒಂದು ಪೇಟೆಯನ್ನು ಸುತ್ತಿದರೆ, ಫೋನಿನವರಿಗೆ ಕೊಡುವ ಹಣಕ್ಕಿಂತ ಹೆಚ್ಚು ಫಲ ಕಂಡಾನು.

ಲೆಕ್ಕದಲ್ಲಿಯೂ ಶಿಸ್ತು ಬೇಕು. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಮಧ್ಯವರ್ತಿಗೆ ದುಡ್ಡು ತೆರಬೇಕಾಗಿಲ್ಲ. ಮುಂಗಡ ಪಡೆಯದೆ ಕೆಲಸ ಆರಂಭಿಸಕೂಡದು. ಎಷ್ಟು ಸಲ ತಿದ್ದಿಕೊಡುವೆನೆಂಬುದನ್ನು ಮೊದಲೇ ಬರೆದು ತಿಳಿಸಬೇಕು. ಎರಡು ಇಡ್ಲಿಗೆ ದರ ಗೊತ್ತುಮಾಡಿದವನು ಗಿರಾಕಿ ಕೇಳಿದನೆಂದು ನಾಲ್ಕು ಬಡಿಸಿದರೆ ಗಲ್ಲಾ ತುಂಬುವುದೆಂತು?

ನಮ್ಮ ಪಾಲಿನ ಕರ್ತವ್ಯ

ಕೊನೆಯದಾಗಿ ಸಂಘಸಂಸ್ಥೆಗಳ ಪದಾಧಿಕಾರಿಗಳಿಗೂ ಹೋಟೆಲ್ ಮಾಲಿಕರಿಗೂ ಒಂದು ಮಾತು. ನಮ್ಮವನೇ ಎಂಬ ಸಲಿಗೆಯಿಂದ ಸಂಘದ ಆಮಂತ್ರಣವನ್ನು ಪುಕ್ಕಟೆ ಮಾಡಿಸಿಕೊಂಡು, ಹೋಟೆಲಿನ ದೊಡ್ಡ ಕೆಲಸವನ್ನು ಹೊರಗಿನವರಿಗೆ ಕೊಡುವ ಅಭ್ಯಾಸ ನಮ್ಮಲ್ಲಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹುಟ್ಟಿದ್ದು ಇಂಥ ನಡತೆಯನ್ನು ಕಂಡೇ ಇರಬೇಕು. ಅಡುಗೆ ಭಟ್ಟರಿಗೂ ಪೆಂಡಾಲಿನವರಿಗೂ ಹಣ ಕೊಡುವ ನಾವು ಅಕ್ಷರ ಬರೆದವನಿಗೆ ಬರಿಯ ವಂದನಾರ್ಪಣೆ ಸಲ್ಲಿಸುವುದು ನ್ಯಾಯವಲ್ಲ. ಒಪ್ಪಿದ ಹಣವನ್ನು ಒಪ್ಪಿದ ದಿನ ಕೊಡಿ. ಕರಪತ್ರದ ಅಡಿಯಲ್ಲಿ ಅವನ ಹೆಸರು ಅಚ್ಚಾಗಲಿ. ಗುಮಾಸ್ತ ಮಿತ್ರರು ಮನೆಗೆ ಮರಳುವ ಲೋಕಲ್ ಗಾಡಿಯಲ್ಲಿ ಐದು ನಿಮಿಷ ಬಿಡುವು ಮಾಡಿಕೊಂಡು ಆ ಕೆಲಸದ ಬಗೆಗೆ ಕನ್ನಡದಲ್ಲಿ ನಾಲ್ಕು ನಿಜವಾದ ಸಾಲು ಬರೆಯಲಿ. ಎಲೆಮರೆಯಲ್ಲಿರುವ ಕಾಯಿಗೆ ಎಲೆ ಸರಿಸುವ ಕೈಯೊಂದು ಬೇಕು. ಆ ಕೈ ನಮ್ಮದೇ ಆಗಿರಲಿ.