ತರ್ಕಮಂಡಲದಲ್ಲಿ ದೋಷನಿರ್ಣಯ

ತರ್ಕವನ್ನು ಗಣಿತದ ಚಿಹ್ನೆಗಳಲ್ಲಿ ಬರೆಯಬಹುದೆಂಬುದನ್ನು ಜಾರ್ಜ್ ಬೂಲ್ ೧೮೫೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದನು. ಆ ಚಿಹ್ನೆಗಳಿಗೆ ವಿದ್ಯುತ್ತಿನ ಸ್ವಿಚ್ಚುಗಳಲ್ಲಿ ಶರೀರವನ್ನು ಕೊಡಬಹುದೆಂಬುದನ್ನು ಕ್ಲಾಡ್ ಷಾನನ್ನನು ೧೯೩೮ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಸಾಧಿಸಿದನು. ಇಂದು ಹವ್ಯಾಸಿಗಳು ಮನೆಯ ಮೇಜಿನ ಮೇಲೆ ಜೋಡಿಸುವ ತರ್ಕಮಂಡಲಗಳೆಲ್ಲವೂ ಈ ಎರಡು ಕೃತಿಗಳ ಸಂತತಿಯೇ ಸರಿ. ನಕ್ಷೆಯಲ್ಲಿ ನಿರ್ದುಷ್ಟವಾಗಿರುವ ಮಂಡಲವು ಮೇಜಿನ ಮೇಲೆ ತಪ್ಪಿ ನಡೆಯುವುದೇಕೆ, ಆ ತಪ್ಪಿನ ಮೂಲವನ್ನು ಅರಸುವ ಕ್ರಮವೇನು ಎಂಬುದು ಪ್ರಕೃತ ಲೇಖನದ ವಿಷಯ. ಪ್ರಮಾಣವಿಚಾರದಲ್ಲಿಯೂ ಪಾಠಶೋಧನೆಯಲ್ಲಿಯೂ ಪರಿಶ್ರಮವುಳ್ಳ ವಾಚಕರಿಗೆ ಇದು ತೀರ ಪರಕೀಯವೆಂದು ತೋರಲಾರದು.

ವಿಚಾರದ ಸೌಕರ್ಯಕ್ಕಾಗಿ ಒಂದೇ ಉದಾಹರಣೆಯನ್ನು ತೆಗೆದುಕೊಳ್ಳೋಣ. ೪೦೧೭ ಎಂಬ ಸಂಖ್ಯೆಯ ಎಣಿಕೆಯ ಚಿಪ್ಪಿಗೆ ೧೬ ಕಾಲುಗಳಿವೆ. ಅವುಗಳಲ್ಲಿ ಹತ್ತು, ಸೊನ್ನೆಯಿಂದ ಒಂಬತ್ತರವರೆಗಿನ ಎಣಿಕೆಯನ್ನು ತೋರಿಸುವ ನಿರ್ಗಮಗಳು. ಒಂದೊಂದಕ್ಕೂ ಒಂದು ಸಣ್ಣ ದೀಪವನ್ನು ಜೋಡಿಸಿದೆ. ೧೪ನೆಯ ಕಾಲಿನಲ್ಲಿ ವಿದ್ಯುತ್ತಿನ ಮಟ್ಟವು ಕೆಳಗಿನಿಂದ ಮೇಲಕ್ಕೇರಿದಾಗಲೆಲ್ಲ ಬೆಳಕು ಒಂದು ದೀಪದಿಂದ ಮುಂದಿನದಕ್ಕೆ ಸರಿಯಬೇಕು. ೧೩ನೆಯದು ಎಣಿಕೆಯನ್ನು ತಡೆಯತಕ್ಕದ್ದು. ೧೫ನೆಯದು ಎಣಿಕೆಯನ್ನು ಸೊನ್ನೆಗೆ ಮರಳಿಸತಕ್ಕದ್ದು. ೧೬ ಮತ್ತು ೮ನೆಯ ಕಾಲುಗಳ ನಡುವೆ ೫ ವೋಲ್ಟ್ ಕೊಟ್ಟು, ೧೪ನೆಯದಕ್ಕೆ ಒಂದು ಗುಂಡಿಯ ಮೂಲಕ ಅದೇ ೫ ವೋಲ್ಟನ್ನು ಮುಟ್ಟಿಸಿದರೆ ಕೆಲಸ ಮುಗಿಯಿತೆಂದು ಹೊಸಬನು ಭಾವಿಸುತ್ತಾನೆ. ಆದರೆ ಗುಂಡಿಯನ್ನೊತ್ತದೆ ಕೈಯನ್ನು ಹತ್ತಿರ ತಂದಮಾತ್ರಕ್ಕೆ ದೀಪಗಳು ಓಡತೊಡಗುತ್ತವೆ. ಒಂದು ಸಲ ಒತ್ತಿದರೆ ಎಣಿಕೆ ಮೂರೋ ನಾಲ್ಕೋ ಮುಂದಕ್ಕೆ ಹೋಗುತ್ತದೆ.

ಬೂಲನ ತರ್ಕದಲ್ಲಿ ಸತ್ಯ ಅಸತ್ಯಗಳೆಂಬ ಎರಡೇ ಮೌಲ್ಯಗಳು. ಚಿಪ್ಪಿನಲ್ಲಿ ಇರುವುದಾದರೋ ವೋಲ್ಟುಗಳು. ಈ ಜಾತಿಯ ಚಿಪ್ಪು ೫ ವೋಲ್ಟಿನಲ್ಲಿ ನಡೆಯುವಾಗ ೩.೫ಕ್ಕೆ ಮೇಲ್ಪಟ್ಟದ್ದನ್ನು ಒಂದೆಂದೂ ೧.೫ಕ್ಕೆ ಕೆಳಗಿನದನ್ನು ಸೊನ್ನೆಯೆಂದೂ ಗ್ರಹಿಸುವುದಾಗಿ ತಯಾರಕರು ಮಾತು ಕೊಡುತ್ತಾರೆ. ನಡುವಣ ಪ್ರದೇಶಕ್ಕೆ ಯಾವ ಮಾತೂ ಇಲ್ಲ. ಎಲ್ಲಿಗೂ ಸೇರಿಸದೆ ಬಿಟ್ಟ ಪ್ರವೇಶವು ಸೊನ್ನೆಯಲ್ಲ, ಅದು ಅನಿರ್ಣೀತ. ಗುಂಡಿ ಬಿಟ್ಟಿರುವಾಗ ೧೪ನೆಯ ಕಾಲು ಇಂತಹ ಸ್ಥಿತಿಯಲ್ಲಿದ್ದು, ಸುತ್ತಣ ತಂತಿಗಳ ಕಂಪನವನ್ನು ಮನುಷ್ಯನ ಕೈಯ ಮೂಲಕವೂ ಹೀರಿಕೊಳ್ಳುತ್ತದೆ. ಆದುದರಿಂದ ೧೩ ಮತ್ತು ೧೫ನೆಯ ಕಾಲುಗಳನ್ನು ನೆಲಮಟ್ಟಕ್ಕೆ ಸೇರಿಸಿ, ೧೪ನೆಯದನ್ನು ೧೦,೦೦೦ ಓಮಿನ ರೆಸಿಸ್ಟರಿನ ಮೂಲಕ ಅದೇ ನೆಲಕ್ಕೆ ಕಟ್ಟಬೇಕು. ಓಡಾಟ ನಿಲ್ಲುತ್ತದೆ.

ಎರಡನೆಯ ದೋಷವು ಇನ್ನೂ ಉಳಿದಿರುತ್ತದೆ. ಗುಂಡಿಯೊಳಗಿನ ಲೋಹದ ನಾಲಗೆಯು ಒಮ್ಮೆಗೇ ಕೂತುಕೊಳ್ಳುವುದಿಲ್ಲ. ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿದು ಪುಟಿದು ನಿಲ್ಲುತ್ತದೆ. ನಮ್ಮ ಬೆರಳಿಗೆ ಒಂದಾದ ಒತ್ತು ಚಿಪ್ಪಿಗೆ ನಾಲ್ಕು. ಎಣಿಕೆ ತಪ್ಪಿತೆನ್ನುವುದು ಇಲ್ಲಿ ಸಲ್ಲದ ಮಾತು. ಚಿಪ್ಪು ಸರಿಯಾಗಿಯೇ ಎಣಿಸಿದೆ, ತಪ್ಪಿದ್ದು ‘ಒಂದು’ ಎಂಬ ನಮ್ಮ ಲಕ್ಷಣ. ಆ ರೆಸಿಸ್ಟರಿಗೆ ಜೊತೆಯಾಗಿ ೧ ಮೈಕ್ರೊಫ್ಯಾರಡಿನ ಕೆಪ್ಯಾಸಿಟರನ್ನು ಸೇರಿಸಿದರೆ ಮಟ್ಟವು ಇಳಿಯಲು ಸುಮಾರು ೧೦ ಮಿಲಿಸೆಕೆಂಡು ಬೇಕಾಗುವುದರಿಂದ ನಡುವಣ ಪುಟಿತಗಳು ಮುಚ್ಚಿಹೋಗುತ್ತವೆ. ಹೀಗೆ ಮೆಲ್ಲಗೆ ಬದಲಾಗುವ ಮಟ್ಟವನ್ನು ಸಹಿಸುವ ಏರ್ಪಾಡು ಈ ಚಿಪ್ಪಿನ ೧೪ನೆಯ ಕಾಲಿನಲ್ಲಿಯೇ ಇದೆ.

ಮೂರನೆಯದು ಅತ್ಯಂತ ವಂಚಕವಾದ ದೋಷ. ೧೬ನೆಯ ಕಾಲಿಗೆ ಬರುವ ತಂತಿ ಹಲಗೆಯಲ್ಲಿ ಸರಿಯಾಗಿ ಕೂತಿಲ್ಲವೆನ್ನೋಣ. ಮಂಡಲವು ಪೂರ್ತಿ ಸತ್ತಿರಬೇಕಷ್ಟೆ? ಆದರೆ ಗುಂಡಿಯನ್ನೊತ್ತಿದಾಗ ದೀಪ ಮಂಕಾಗಿ ಹೊತ್ತುತ್ತದೆ, ಬಿಟ್ಟಾಗ ಆರುತ್ತದೆ. ಪ್ರವೇಶದ ರಕ್ಷಣೆಗಾಗಿ ಚಿಪ್ಪಿನೊಳಗಿಟ್ಟಿರುವ ಡಯೋಡಿನ ಮೂಲಕ ವಿದ್ಯುತ್ತು ಹಿಂಬಾಗಿಲಿನಿಂದ ಒಳಸೇರಿ ಚಿಪ್ಪಿಗೆ ಅರೆಜೀವವನ್ನು ಕೊಡುತ್ತದೆ. ಹೊಸಬನು ಚಿಪ್ಪು ಕೆಟ್ಟಿತೆಂದು ಬೇರೊಂದನ್ನು ತಂದು ಹಾಕಿದರೆ ಅದೂ ಹಾಗೆಯೇ ನಡೆಯುತ್ತದೆ. ಮೀಟರಿನ ಮೊನೆಯನ್ನು ಹಲಗೆಯ ತೂತಿಗಿಡದೆ ಚಿಪ್ಪಿನ ಕಾಲಿಗೇ ಮುಟ್ಟಿಸಿ ನೋಡಿದರೆ ಸತ್ಯ ಹೊರಬೀಳುತ್ತದೆ. ತಂತಿ ಸರಿಯಾಗಿದ್ದೂ ಎಣಿಕೆ ಆಗೊಮ್ಮೆ ಈಗೊಮ್ಮೆ ಹಾರುವುದಾದರೆ, ೧೬ ಮತ್ತು ೮ರ ನಡುವೆ ಕಾಲುಗಳಿಗೆ ಸಮೀಪವಾಗಿ ೦.೧ ಮೈಕ್ರೊಫ್ಯಾರಡಿನ ಕೆಪ್ಯಾಸಿಟರ್ ಇದೆಯೇ ಎಂದು ನೋಡತಕ್ಕದ್ದು. ಕ್ಷಣಿಕವಾದ ಬೇಡಿಕೆಗಳನ್ನು ಪೂರೈಸುವುದು ಅದರ ಕೆಲಸ.

ಈ ಮೂರರಿಂದಲೂ ಹೊರಡುವ ಕ್ರಮವು ನಮ್ಮ ನೈಯಾಯಿಕರಿಗೆ ಚಿರಪರಿಚಿತವಾದ ಅನ್ವಯವ್ಯತಿರೇಕವೇ: ಶಂಕಿತ ಕಾರಣವಿದ್ದಾಗ ದೋಷವಿದೆಯೇ, ಅದನ್ನು ತೆಗೆದಾಗ ದೋಷ ಹೋಗುವುದೇ, ಮರಳಿ ತಂದಾಗ ಬರುವುದೇ? ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೂರನ್ನು ಒಟ್ಟಿಗೆ ಬದಲಿಸಿ ಮಂಡಲವನ್ನು ಸರಿಪಡಿಸಿದವನು, ಮೂರು ಪದಗಳನ್ನು ಒಟ್ಟಿಗೆ ತಿದ್ದಿ ಪದ್ಯದ ಛಂದಸ್ಸನ್ನು ಕೂಡಿಸಿಕೊಂಡ ಸಂಪಾದಕನಂತೆ. ಪದ್ಯ ನಡೆಯುತ್ತದೆ, ಮೂಲಪಾಠ ಯಾವುದೆಂಬುದು ತಿಳಿಯದೆ ಹೋಗುತ್ತದೆ. ಹೇತುವನ್ನೂ ಪರೀಕ್ಷಿಸಬೇಕು. ‘ದೀಪವಿಲ್ಲ, ಆದುದರಿಂದ ನಿರ್ಗಮ ಸೊನ್ನೆ’ ಎಂಬುದು ಸವ್ಯಭಿಚಾರ ಹೇತು. ಏಕೆಂದರೆ ದೀಪವನ್ನು ತಿರುಗುಮುರುಗಾಗಿ ಜೋಡಿಸಿದರೂ ಅದು ಹೊತ್ತುವುದಿಲ್ಲ.

ನಮ್ಮ ಉದಾಹರಣೆಯ ಯಾವ ದೋಷವೂ ಬೂಲನ ಸೂತ್ರಗಳಲ್ಲಿ ಇರಲಿಲ್ಲವೆಂಬುದನ್ನು ಗಮನಿಸಬೇಕು. ಸೂತ್ರವು ತನ್ನ ಪದಗಳಿಗೆ ಅರ್ಥ ನಿಶ್ಚಿತವಾಗಿದೆಯೆಂದು ಹಿಡಿದು ಹೊರಡುತ್ತದೆ. ಆ ನಿಶ್ಚಯವನ್ನು ತಂತಿ, ಲೋಹ, ಕಾಲಗಳಿಂದ ಸಂಪಾದಿಸಿಕೊಡಬೇಕಾದವನು ಮಂಡಲವನ್ನು ಕಟ್ಟುವವನು. ಹತ್ತು ದೀಪಗಳ ಈ ಆಟಿಕೆಯಲ್ಲಿ ಅದನ್ನು ಕಲಿತವನಿಗೆ ಮುಂದೆ ದೊಡ್ಡ ಯಂತ್ರದೆದುರಿಗೆ ನಿಂತಾಗಲೂ ಮೊದಲ ಪ್ರಶ್ನೆ ಯಾವುದೆಂಬುದು ಗೊತ್ತಿರುತ್ತದೆ: ನಾನು ಸೊನ್ನೆಯೆಂದುಕೊಂಡದ್ದು ನಿಜವಾಗಿಯೂ ಸೊನ್ನೆಯೇ?